ಸ್ಟೂಲು ಹತ್ತಿ ಹಾಕಿದ ಸೊನ್ನೆ

ದೊಡ್ಡಕ್ಕನವರಿಗೆ ನಮಸ್ಕಾರ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನೀವು ಫೋನು ಮಾಡಿದಾಗಲೆಲ್ಲ ಹೊಸ ಕೆಲಸ ಚೆನ್ನಾಗಿದೆ ಅಂದೆ. ನಾಲ್ಕು ತಿಂಗಳಿಂದ ಹಾಗೇ ಅಂದೆ. ಸುಳ್ಳು. ಬಾಯಿಬಿಟ್ಟು ಹೇಳಲಾಗದೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ನಿಮ್ಮ ಕೈಕೆಳಗೆ ಹೆರಿಗೆ ವಾರ್ಡಿನ ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಸವೆದಾಗ, "ದೇವರು ಕೊಟ್ಟಿರೋದು ಎರಡೇ ಕಣೇ, ಮೂರನೇದು ಸ್ಟೋರಲ್ಲಿ ಸಿಗಲ್ಲ" ಎಂದು ಬೈದು ಈ ಬಟ್ಟೆ ಕಾರ್ಖಾನೆಗೆ ಅರ್ಜಿ ಹಾಕಿಸಿದವರು ನೀವೇ. ಆರುನೂರು ಹೆಂಗಸರ ಆರೋಗ್ಯ ನೋಡಿಕೊಳ್ಳಲು ನರ್ಸ್ ಬೇಕು ಎಂದು ಅವರ ಕಾಗದದಲ್ಲಿತ್ತು. ಯಾರಿಗೆ ರಕ್ತ ಕಡಿಮೆ, ಯಾರಿಗೆ ಬಿಪಿ, ಯಾರು ಬಸುರಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡಬೇಕು ಅಂದುಕೊಂಡಿದ್ದೆ. ನೀವು ಕೊಟ್ಟ ಕತ್ತರಿಯನ್ನು ಮಡಿ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ.

ಇಲ್ಲಿ ಕೊಟ್ಟ ಕೆಲಸವೇ ಬೇರೆ. ಗೇಟಿನ ಬಳಿ 'ಅಪಘಾತವಿಲ್ಲದ ದಿನಗಳು' ಎಂದು ಒಂದು ಹಲಗೆ. ಪಕ್ಕದಲ್ಲಿ ಅಂಕಿ ತೂಗುಹಾಕುತ್ತಾರೆ. ಬೆಳಿಗ್ಗೆ ಸ್ಟೂಲು ಹತ್ತಿ ಆ ಅಂಕಿ ಬದಲಾಯಿಸುವುದು ನರ್ಸಿನ ಮೊದಲ ಕೆಲಸ. ಮೊಣಕಾಲಿಗೆ ಎಂಥ ವಿಶ್ರಾಂತಿ ನೋಡಿ. ಆಮೇಲೆ ಸಂಜೆಯವರೆಗೆ ನನ್ನ ಕೋಣೆಯಲ್ಲಿ ಕೂರುವುದು. ಮಂಚಕ್ಕೆ ಅಂಗಡಿಯವನು ಸುತ್ತಿದ ಪ್ಲಾಸ್ಟಿಕ್ಕು ಹಾಗೇ ಇತ್ತು. ಯಾರೂ ಬರುತ್ತಿರಲಿಲ್ಲ. ದಿನಾ ರಿಜಿಸ್ಟರಿನ ಪುಟದ ತಲೆಯಲ್ಲಿ ದೇವರ ಹೆಸರು ಬರೆದು, ಕೆಳಗೆ 'ಯಾರೂ ಇಲ್ಲ' ಎಂದು ಬರೆಯುತ್ತಿದ್ದೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರಲ್ಲ ಎಂದು ಮೊದಮೊದಲು ಕೈಮುಗಿದೆ ಕೂಡ. ನನ್ನ ಪೆದ್ದುತನ.

ಹಲಗೆಯಲ್ಲಿ ಮುನ್ನೂರು ದಿನ ತುಂಬಿದರೆ ಎಲ್ಲರಿಗೂ ಒಂದೊಂದು ಕುಕ್ಕರ್ ಅಂತೆ. ರಿಜಿಸ್ಟರಿನಲ್ಲಿ ಒಂದು ಗಾಯ ಬರೆದರೂ ಅಂಕಿ ಮತ್ತೆ ಸೊನ್ನೆ. ಅದಕ್ಕೇ ಸೂಜಿ ಚುಚ್ಚಿದರೂ ಇಸ್ತ್ರಿ ಸುಟ್ಟರೂ ಹೆಂಗಸರು ಗಾಯಕ್ಕೆ ಬಟ್ಟೆ ಚೂರು ಸುತ್ತಿಕೊಂಡು ಹೊಲಿಯುತ್ತಿದ್ದರು.

ಹೋದ ಸೋಮವಾರ ಅಂಕಿ ಇನ್ನೂರ ಎಂಬತ್ತೊಂದು. ಕಾಲರ್ ಹೊಲಿಯುವವಳನ್ನು ಸೂಪರ್‌ವೈಸರ್ ಹಿಂಬಾಗಿಲಿಂದ ಕರೆತಂದ. ಸೂಜಿ ಉಗುರಿನೊಳಗೆ ಇಳಿದು ಅಲ್ಲೇ ಮುರಿದಿತ್ತು. ಮೆಷಿನ್ನಿನಲ್ಲಿ ಬೆರಳಿಗೆ ಅಡ್ಡ ಇರಬೇಕಾದ ಕಂಬಿ ಕಿತ್ತುಹೋಗಿ ತಿಂಗಳಾಗಿತ್ತಂತೆ. ಆಸ್ಪತ್ರೆಗೆ ಕಳಿಸಿ ಎಂದೆ. ಕಳಿಸೋಣ, ಮನೆಯಲ್ಲಿ ಆದದ್ದು ಅಂತ ಬರೆಯಿರಿ ಎಂದ. ಅವನ ಮಾತಿಗೆ ನಾನು ಜಗ್ಗುವವಳಲ್ಲ. ಆದರೆ ಅವಳೇ ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದಳು.

"ಬರೀಬೇಡಿ ಸಿಸ್ಟರ್. ಇನ್ನು ಹತ್ತೊಂಬತ್ತೇ ದಿನ. ಕುಕ್ಕರ್ ನನ್ನಿಂದ ಹೋಯ್ತು ಅಂದ್ರೆ ಲೈನಲ್ಲಿ ಯಾರೂ ನನ್ನ ಮುಖ ನೋಡಲ್ಲ."

ಬರೆಯದಿದ್ದರೆ ನಾಳೆ ಅದೇ ಮೆಷಿನ್ನಿಗೆ ಇನ್ನೊಬ್ಬಳು ಕೂರುತ್ತಾಳೆ. ಬರೆದರೆ ಇವಳ ಗತಿ? ಪೆನ್ನು ತೆಗೆದೆ. ಪುಟದ ತಲೆಯಲ್ಲಿ ಬೆಳಿಗ್ಗೆಯೇ ಬರೆದ ದೇವರ ಹೆಸರಿತ್ತು. ಅದರ ಕೆಳಗೆ ಸುಳ್ಳು ಬರೆಯಲು ಕೈ ಬರಲಿಲ್ಲ ಅಕ್ಕ. ಮೆಷಿನ್ನಿನ ನಂಬರು ಸಮೇತ ನಿಜ ಬರೆದೆ. ಅವಳು ಅಳುತ್ತಲೇ ಆಸ್ಪತ್ರೆಗೆ ಹೋದಳು.

ಮರುದಿನ ಸ್ಟೂಲು ಹತ್ತಿ ನನ್ನ ಕೈಯಾರೆ ಸೊನ್ನೆ ಹಾಕಿದೆ. ಆರುನೂರು ಜನ ಅದರ ಕೆಳಗೇ ಒಳಗೆ ಹೋದರು. ಅಂಗಿಗೆ ಗುಂಡಿ ಹಾಕುವವಳು ಒಬ್ಬಳು ನಿಂತು, "ನಿಮ್ಮನೇಲಿ ಕುಕ್ಕರ್ ಇದೆ ಅಲ್ವಾ ಸಿಸ್ಟರ್?" ಎಂದು ಕೇಳಿದಳು. ಇದೆ ಎಂದೆ. "ಅದಕ್ಕೇ" ಎಂದು ಹೊರಟುಹೋದಳು. ಎರಡು ದಿನ ಯಾರೂ ಮಾತಾಡಿಸಲಿಲ್ಲ. ಪ್ರಾರ್ಥನೆಗೆ ಕೂತರೂ ಮಾಡಿದ್ದು ಸರಿ ಅನ್ನುವ ಧೈರ್ಯ ಬರಲಿಲ್ಲ.

ಗುರುವಾರ ಅದೇ ಗುಂಡಿಯವಳು ಬಾಗಿಲಲ್ಲಿ ನಿಂತಿದ್ದಳು. ಸುತ್ತಿದ ಚೂರು ಬಿಚ್ಚಿದರೆ ಹೆಬ್ಬೆರಳು ಕೀವು ತುಂಬಿ ಊದಿತ್ತು. ಹದಿನೈದು ದಿನದ ಗಾಯ.

"ಹೇಗಿದ್ರೂ ಕುಕ್ಕರ್ ಹೋಯ್ತು," ಎಂದಳು, "ಇನ್ನು ಬಚ್ಚಿಟ್ಕೊಂಡು ಏನು ಮಾಡ್ಲಿ."

ಅವಳ ಹಿಂದೆ ಮುಂಗೈ ಸುಟ್ಟವಳು. ಅವಳ ಹಿಂದೆ ಇನ್ನೊಬ್ಬಳು. ಊಟದ ಹೊತ್ತಿಗೆ ಹನ್ನೊಂದು ಜನ. ಬೆಂಚು ಸಾಲದೆ ಮಂಚದ ಪ್ಲಾಸ್ಟಿಕ್ಕು ಹರಿದು ಕೂರಿಸಿದೆ. ನಿಮ್ಮ ಕತ್ತರಿ ಕೊನೆಗೂ ಹೊರಗೆ ಬಂತು. ಹನ್ನೊಂದನ್ನೂ ಬರೆದೆ. ಶುಕ್ರವಾರ ಮತ್ತೆ ಸೊನ್ನೆ.

ಕಾಲರಿನವಳ ಸೂಜಿ ತೆಗೆದರಂತೆ. ಅವಳು ಇನ್ನೂ ಕೆಲಸಕ್ಕೆ ಬಂದಿಲ್ಲ. ಅವಳ ಮೆಷಿನ್ನಿಗೆ ಕಂಬಿ ಬಂದಿದೆ. ಬರುವ ಬುಧವಾರ ಹತ್ತು ಗಂಟೆಗೆ ರಿಜಿಸ್ಟರ್ ತೆಗೆದುಕೊಂಡು ಬನ್ನಿ ಎಂದು ಮ್ಯಾನೇಜರ್ ಹೇಳಿ ಕಳಿಸಿದ್ದಾರೆ. ಕೆಲಸಕ್ಕೆ ಬೇಡ ಅಂದರೆ ನಿಮ್ಮ ವಾರ್ಡಿಗೇ ಬರುತ್ತೇನೆ, ಮೆಟ್ಟಿಲಿದ್ದರೂ ಸರಿ. ಆದರೆ ಆ ಬೆಂಚು ಬಿಟ್ಟು ಬರಲು ಈಗ ಮನಸ್ಸಿಲ್ಲ.

ಅಷ್ಟರಲ್ಲಿ ಈ ಕಾಗದ ಕೈಸೇರಿದರೆ, ಆ ಹೊತ್ತಿಗೆ ನನಗಾಗಿ ದೇವರ ಮುಂದೆ ಒಂದು ನಿಮಿಷ ಕೂರಿ. ಕುಕ್ಕರಿನ ವಿಷಯವನ್ನೂ ಅವನ ಕಿವಿಗೆ ಹಾಕಿ. ನಿಮ್ಮ ಎರಡು ಮೊಣಕಾಲನ್ನೂ ಅವನು ಕಾಯಲಿ.

ನೀವು ಬೈದು ಬೆಳೆಸಿದ
ತಂಗಿ