ಸಿಂಕಿಗೆ ಔಷಧಿ ಕುಡಿಸುತ್ತಿರುವ ಅಧೀಕ್ಷಕರಿಗೆ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನಿಮ್ಮ ಮೂಳೆ ವಾರ್ಡಿನಲ್ಲಿ ರೋಗಿಗಳಿಗಿಂತ ಹೆಚ್ಚು ಔಷಧಿ ಕುಡಿಯುತ್ತಿರುವುದು ಕೈ ತೊಳೆಯುವ ಸಿಂಕು. ಅದಕ್ಕೆ ಔಷಧಿ ಬರೆದುಕೊಟ್ಟವರು ತಾವೇ. ಔಷಧಿಯಿರುವ ಬಾಟಲಿಯನ್ನು ಕಸದವರು ಒಯ್ಯುವುದಿಲ್ಲವೆಂದು, ಉಳಿದ ಆಂಟಿಬಯೋಟಿಕ್ ಸುರಿದು ಖಾಲಿ ಬಾಟಲಿಯನ್ನೇ ಕೊಡಬೇಕೆಂದು ಅಪ್ಪಣೆ ಹೊರಡಿಸಿದಿರಿ. ದಾದಿಯರು ಪಾಪ, ಹತ್ತಿರದ ಸಿಂಕಿಗೆ ಸುರಿದರು. ಆ ಸಿಂಕಿಗೆ ಒತ್ತಿಕೊಂಡೇ ನನ್ನ ತಂಗಿಯ ಮಂಚವಿದೆ.

ತಂಗಿ ಬಸ್ ಚಾಲಕಿ. ಮುರಿದ ಕಾಲಿಗೆ ರಾಡು ಹಾಕಿಸಿಕೊಂಡು ಮನೆಗೆ ಹೋಗಬೇಕಿದ್ದವಳ ಗಾಯ ಕೀವುಗಟ್ಟಿತು. ಕೊಟ್ಟ ಔಷಧಿ ಒಂದೂ ನಾಟಲಿಲ್ಲ. ಗಾಯದಲ್ಲಿರುವ ಬ್ಯಾಕ್ಟೀರಿಯಾ, ಸಿಂಕಿನ ಕೊಳವೆಯ ಲೋಳೆಯಲ್ಲಿರುವುದು ಎರಡೂ ಒಂದೇ ಎಂದು ನಿಮ್ಮ ಪ್ರಯೋಗಾಲಯದ ವೈದ್ಯೆಯೇ ಹೇಳಿದರು. ನಿಮ್ಮ ಕೋಣೆಗೆ ಬಂದು ಕೇಳಿದರೆ ತಾವು ಕನ್ನಡಕ ಒರೆಸುತ್ತಾ, "ಏನಮ್ಮಾ, ಬ್ಲೀಚ್ ಹಾಕ್ಸಿದೀವಲ್ಲ? ಎಲ್ಲಾ ಸತ್ತಿವೆ. ಸತ್ತಿದ್ದು ಎದ್ದು ಬರುತ್ತಾ?" ಎಂದಿರಿ.

ಎದ್ದು ಬರುವುದಿಲ್ಲ ಸ್ವಾಮಿ, ಆಸ್ತಿ ಬಿಟ್ಟು ಹೋಗುತ್ತವೆ. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವ ನಾನು ತಮಗೂ ಪಾಠ ಮಾಡಬೇಕಾಗಿ ಬಂದಿದೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದರ ಡಿಎನ್‌ಎ ಚೂರುಗಳು ಲೋಳೆಯಲ್ಲಿ ಚೆಲ್ಲಿಕೊಳ್ಳುತ್ತವೆ. ಬದುಕುಳಿದ ಇನ್ನೊಂದು, ತನ್ನ ಮೈಮೇಲಿನ ಸಣ್ಣ ಎಳೆಯಿಂದ ಆ ಚೂರನ್ನು ಹಿಡಿದು, ಒಳಗೆಳೆದು, ತನ್ನದೇ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಸತ್ತದ್ದಕ್ಕೆ ಒಂದು ಔಷಧಿಯನ್ನು ಸೋಲಿಸುವ ವಿದ್ಯೆ ಗೊತ್ತಿದ್ದರೆ ಅದು ಈಗ ಇದರದ್ದು, ಇದರ ಮಕ್ಕಳು ಮರಿಗಳದ್ದು. ಎಲ್ಲ ಚೂರುಗಳೂ ಕೂಡಿಕೊಳ್ಳುವುದಿಲ್ಲ, ನಿಜ. ಆದರೆ ವಿದ್ಯೆ ಬಾರದವನ್ನು ಕೊಂದು, ವಿದ್ಯಾವಂತರಿಗೆ ಜಾಗ ತೆರವು ಮಾಡಿಕೊಡಲು ತಾವು ದಿನಾ ಔಷಧಿ ಸುರಿಸುತ್ತಿದ್ದೀರಲ್ಲ! ಹೆತ್ತ ತಾಯಿಯೂ ಇಷ್ಟು ಅಕ್ಕರೆಯಿಂದ ಸಾಕಲಾರಳು.

ಈಗ ನಾಟುವ ಔಷಧಿ ಒಂದೇ ಉಳಿದಿದೆ. ಅದೂ ಸೋತರೆ ಕಾಲು ತೆಗೆಯಬೇಕಂತೆ. "ಅಕ್ಕಾ, ಇದು ಕ್ಲಚ್ ಒತ್ತೋ ಕಾಲು ಕಣೇ. ಇದಿಲ್ದೆ ನನ್ನನ್ನ ಡಿಪೋ ಒಳಗೆ ಯಾರು ಬಿಡ್ತಾರೆ?" ಎಂದು ತಂಗಿ ನಕ್ಕಳು. ನಗುತ್ತಲೇ ಅತ್ತಳು.

ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ: ಅಪ್ಪಣೆಯನ್ನು ಇವತ್ತೇ ಹಿಂತೆಗೆದುಕೊಳ್ಳಿ. ಉಳಿದ ಔಷಧಿಯನ್ನು ಬಾಟಲಿಯ ಸಮೇತ ಸುಡಲು ಕಳಿಸಿ. ತಂಗಿಯ ಮಂಚ ಬೇರೆಡೆ ಹಾಕಿಸಿ, ಆ ಸಿಂಕು ಕೀಳಿಸಿ. ಇವತ್ತು ಬೆಳಿಗ್ಗೆ ಆ ಕೊನೆಯ ಔಷಧಿಯ ಮೊದಲ ಡ್ರಿಪ್ ಮುಗಿದಾಗ, ತಳದಲ್ಲಿ ಉಳಿದದ್ದನ್ನು ಹಿಡಿದು ದಾದಿ ಅಭ್ಯಾಸಬಲದಿಂದ ಸಿಂಕಿನತ್ತ ನಡೆದರು. ನಾನು ಬಾಟಲಿ ಕಸಿದುಕೊಂಡೆ. ಅದೀಗ ನನ್ನ ಮಡಿಲಲ್ಲಿದೆ. ಸಿಂಕಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಎಬ್ಬಿಸಲು ಕಾವಲುಗಾರನನ್ನು ಕಳಿಸಬೇಡಿ, ತಾವೇ ಬನ್ನಿ.

ಇಂತಿ,
ಸಿಂಕಿಗೆ ಬೆನ್ನು ಕೊಟ್ಟು ಕೂತಿರುವ,
ತಮ್ಮ ರೋಗಿಯ ಅಕ್ಕ