ಖಾಜಾಬಿ ಅತ್ತದ್ದಕ್ಕೆ ಶಿಕ್ಷೆ

ಭೀಮಾ ತೀರ, ಕ್ರಿ.ಶ. ೨೩೧೪, ಫೆಬ್ರವರಿ ಮೂವತ್ತು

ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನದಿಂದ ಬರೆಯುತ್ತಿದ್ದೇನೆ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮಗೆ ಇಂಥ ದಿನಗಳೂ ಇವೆ. ನಿಮ್ಮ ಭಾಷೆಯನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ಪ್ರತಿ ಮನೆಯ ಜಂತಿಯಲ್ಲೂ ಒಂದು ಕಿವಿಗೂಡು ಇದೆ. ಗುಬ್ಬಿಗೂಡಿನಷ್ಟು ದೊಡ್ಡ ಯಂತ್ರ. ಮನೆಯವರ ಮಾತಿನಲ್ಲಿ ದ್ವೇಷ ಕೇಳಿಸಿದರೆ ಕಾವಲುಮನೆಗೆ ತಿಳಿಸುತ್ತದೆ. ಇದನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಹೆಸರು ಕೇಳಿ, ದೇವರು ಕೇಳಿ ಒಂದು ಓಣಿಯನ್ನೇ ಸುಟ್ಟಾಗ, ಬದುಕಿ ಉಳಿದವರೇ ಕೈಮುಗಿದು ಇದನ್ನು ಬೇಡಿದರು. ಅದು ಕೆಲವು ಕೊಲೆಗಳನ್ನು ತಡೆದದ್ದೂ ನಿಜ. ಅದನ್ನು ಮುಚ್ಚಿಟ್ಟು ವಾದ ಮಾಡಲಾರೆ. ಅದರ ಜೊತೆ ಬದುಕುವುದನ್ನೂ ಕಲಿತೆವು. ಗಂಡ ಹೆಂಡತಿ ಜಗಳಕ್ಕೆ ಹೊಳೆದಂಡೆಗೆ ಹೋಗುತ್ತಾರೆ. ಪಕ್ಕದ ಮನೆಯ ನೀಲಗಂಗಮ್ಮ ರೊಟ್ಟಿ ಬಡಿಯುತ್ತ ಗೂಡಿನ ಜೊತೆಗೇ ಹರಟುತ್ತಾಳೆ. ನಮ್ಮತ್ತೀಗಿಂತ ಇದೇ ಚಲೋ ಕೇಳತದ ಎನ್ನುತ್ತಾಳೆ.

ಎದುರು ಮನೆಯ ಖಾಜಾಬಿಯ ಮಗ ಮಸ್ತಾನ. ಒಬ್ಬ ಎಣ್ಣೆ ವ್ಯಾಪಾರಿ ಸಂತೆಯಲ್ಲೇ, ಜನರೆದುರೇ, ನಿನ್ನ ಜಾತಿಯವರು ಈ ಊರಲ್ಲಿ ಉಳಿಯಕೂಡದು ಎಂದು ಅವನನ್ನು ಬೆದರಿಸಿದ. ತಾಯಿ ಮಗ ದೂರು ಕೊಟ್ಟರು. ಕಾವಲುಮನೆಯವರು ವ್ಯಾಪಾರಿಯ ಕಿವಿಗೂಡನ್ನು ವಿಚಾರಿಸಿದರು. ಮನೆಯಲ್ಲಿ ಅವನದು ಬೆಣ್ಣೆಯಂಥ ಮಾತು. ಗೂಡು ಏನೂ ಹೇಳಿಲ್ಲವೆಂದು ದೂರನ್ನು ಮುಚ್ಚಿದರು. ಸಂತೆಯಲ್ಲಿ ಕಣ್ಣಾರೆ ಕಂಡವರನ್ನು ಒಬ್ಬರನ್ನೂ ಕರೆದು ಕೇಳಲಿಲ್ಲ. ಆ ವಾರವೇ ಅವನು ಮಸ್ತಾನನನ್ನು ಕೊಂದ. ಈಗ ಜೈಲಿನಲ್ಲಿದ್ದಾನೆ.

ಹೆಣದ ಮುಂದೆ ಕೂತು ಖಾಜಾಬಿ ನಮ್ಮ ಕಡೆಯ ಹೆಂಗಸರು ಅಳುವ ಹಾಗೆಯೇ, ಹಾಡಿ ಹಾಡಿ ಶಪಿಸುತ್ತ ಅತ್ತಳು. ಕೊಂದವನ ವಂಶ ಉರಿಯಲಿ, ಅವನ ಕುಲದವರ ಬಾಯಿಗೆ ಮಣ್ಣು ಬೀಳಲಿ ಎಂದಳು. ಗೂಡು ತಕ್ಷಣ ತಿಳಿಸಿತು. ಮಗನನ್ನು ಮಣ್ಣು ಮಾಡಿದ ಮರುದಿನವೇ ಅವಳಿಗೆ ದೂರವಾಸ ವಿಧಿಸಿದರು. ಅಂದರೆ ಊರಾಚೆಯ ಬಯಲಿನಲ್ಲಿ, ಕಿವಿಗೂಡೂ ಇಲ್ಲದ ಗುಡಿಸಿಲಲ್ಲಿ ಒಬ್ಬಳೇ ಇರಬೇಕು.

ವರ್ಷದ ಮೇಲೆ ನಿನ್ನೆ ಮರುವಿಚಾರಣೆ ನಡೆಯಿತು. ಹಾಗೆ ಅತ್ತದ್ದು ತಪ್ಪಾಯಿತು ಎಂದರೆ ಸಾಕು, ಮನೆಗೆ ಹೋಗಬಹುದು ಎಂದರು. ಹೇಳಿಬಿಡು ಎಂದು ನಾವೆಲ್ಲ ಕಣ್ಣಲ್ಲೇ ಬೇಡಿದೆವು. ಅವಳು ಸೆರಗು ಸರಿಮಾಡಿಕೊಂಡಳು.

"ಮಗನ್ನ ಕಳಕೊಂಡೀನ್ರಿ ಸಾಹೇಬ್ರ. ಈಗ ಸಿಟ್ಟೂ ನಿಮ್ಮ ಕೈಯಾಗ ಕೊಟ್ಟು ಹೋಗ್ಲೇನು?"

ಮತ್ತೆ ಬಯಲಿಗೇ ಕಳಿಸಿದರು.

ನನಗೆ ದಣಿವಾಗಿದೆ. ಆದರೂ ಹೇಳುತ್ತೇನೆ. ನಿಮ್ಮ ಬೀದಿ ಉರಿದ ಮಾರನೆಯ ದಿನ ನಿಮಗೂ ಇಂಥದ್ದೊಂದು ಗೂಡು ಬೇಕೆನಿಸುತ್ತದೆ. ಕೊಲ್ಲುತ್ತೇನೆಂದು ಕೂಗಿದವನನ್ನು ಹಿಡಿಯಿರಿ. ಕಂಡವರನ್ನು ಕೂರಿಸಿ ಕೇಳಿ. ಬೇಕಾದರೆ ನ್ಯಾಯಾಧೀಶರ ಅಪ್ಪಣೆ ಪಡೆದು ಅವನ ಮನೆ ಶೋಧಿಸಿ. ಅವನೊಬ್ಬನ ನೆಪದಲ್ಲಿ ಎಲ್ಲರ ಮನೆ ಹೊಗಬೇಡಿ. ನಮ್ಮ ಓಣಿಯಲ್ಲಿ ಈಗ ಸಾವಾದರೆ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತಾರೆ. ಮಣ್ಣಾದ ಮೇಲೆ ಬಯಲಿನವರೆಗೆ ನಡೆದುಹೋಗಿ, ಖಾಜಾಬಿಯ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಅಳುತ್ತಾರೆ.

ನಿಮ್ಮ ಮರಿಮಕ್ಕಳ ಮರಿಮಗಳು,
ಗುರುಬಸಮ್ಮ