ನಳ ಬಿಟ್ಟ ದಿನದ ನೀರು

ಕೊಳಚೆ ನೀರಿನ ಶುದ್ಧತೆಯನ್ನು ಕಾಗದದ ಮೇಲೆ ಸಾಧಿಸಿ ತೋರಿಸಿದ ಮಾನ್ಯ ಹಿರಿಯ ಅಧಿಕಾರಿಗಳೇ,

ನಿಮ್ಮ ವರದಿ ತಪ್ಪಾಗಿದೆ. ಅದು ತಪ್ಪಾಗಲು ನಾನೂ ಕಾರಣ. ಈ ಎರಡು ಮಾತು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಗದಗ ಬೇರೆ ಜಿಲ್ಲೆಯಾದಾಗ, ಇನ್ನು ಅರ್ಜಿ ಹಿಡಿದು ಧಾರವಾಡದ ಬಸ್ಸು ಹತ್ತುವುದು ತಪ್ಪಿತೆಂದು ಪೇಢೆ ಹಂಚಿದವರಲ್ಲಿ ನಾನೂ ಒಬ್ಬ. ಈಗ ಕಚೇರಿ ನಡೆದು ಹೋಗುವಷ್ಟು ಹತ್ತಿರವಿದೆ, ನೀವು ಮಾತ್ರ ಸಿಗುವುದಿಲ್ಲ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಊರ ಹೊರಗಿನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಹತ್ತೊಂಬತ್ತು ವರ್ಷ ಪಂಪು ನಡೆಸಿದವನು. ನಿವೃತ್ತಿಗೆ ಎರಡು ವರ್ಷವಿದ್ದಾಗ ನಿಮ್ಮವರು ಬಂದರು. ಜನ ನುಂಗುವ ಗುಳಿಗೆ, ಆಸ್ಪತ್ರೆಯ ಇಂಜೆಕ್ಷನ್, ಬಟ್ಟೆ ಒಗೆಯುವ ಪುಡಿ ಇವೆಲ್ಲ ಮೋರಿ ಸೇರಿದ ಮೇಲೆ ಏನಾಗುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಯೋಜನೆ. ತೊಟ್ಟಿಯ ಸೂಕ್ಷ್ಮಜೀವಿಗಳು ತಿಂದು ಮುಗಿಸುವುದೆಷ್ಟು, ತಳದ ಕೆಸರಿಗೆ ಅಂಟಿಕೊಳ್ಳುವುದೆಷ್ಟು, ನೀರಿನೊಡನೆ ಕಾಲುವೆಗೆ ಹೋಗುವುದೆಷ್ಟು. ಇಂಥ ಯೋಚನೆ ನಮ್ಮೂರಿಗೂ ಬಂತಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಆದರೆ ನಮ್ಮಲ್ಲಿ ನಳದಲ್ಲಿ ನೀರು ದಿನವೂ ಬರುವುದಿಲ್ಲವೆಂಬುದು ನಿಮಗೆ ಗೊತ್ತಿರಲಿಲ್ಲವೇ? ಹತ್ತು ದಿನಕ್ಕೊಮ್ಮೆ, ಹನ್ನೆರಡು ದಿನಕ್ಕೊಮ್ಮೆ. ನಳ ಬಂತೆಂಬ ಖಬರು ಓಣಿಗೆ ಮುಟ್ಟಿದ ಕೂಡಲೇ ಪ್ರತಿ ಮನೆಯವರೂ ಡ್ರಮ್ಮು, ಹಂಡೆಗಳಲ್ಲಿ ಉಳಿದ ಹಳೆಯ ನೀರನ್ನು ಮೋರಿಗೆ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಾರೆ. ಆ ದಿನ ಘಟಕಕ್ಕೆ ಬರುವುದು ಕೊಳಚೆ ಅಲ್ಲ, ಊರು ಚೆಲ್ಲಿದ ತಿಳಿನೀರು. ಉಳಿದ ದಿನ ಬರುವುದು ಕಪ್ಪಗೆ, ಗಟ್ಟಿಯಾಗಿ, ಪಂಪಿನ ಬಾಯಿಗೂ ಸಾಲದಷ್ಟು.

ನಿಮ್ಮ ಎಂಜಿನಿಯರು ಮೊದಲ ಸಲ ಬಂದಾಗ ಹರಿವೇ ಇರಲಿಲ್ಲ. ಖಾಲಿ ಬಾಟಲಿ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಬಂದವರು ಬರಿಗೈಲಿ ಹೋಗಬಾರದೆಂದು ನಾನೇ ಬಾಯಿ ಬಿಟ್ಟೆ: “ನಳಾ ಬಿಟ್ಟ ದಿನ ಫೋನ್ ಮಾಡ್ತೀನ್ರಿ ಸಾಹೇಬ್ರ, ಅವತ್ತ ಬರ್ರಿ. ನೀರು ಭರ್ತಿ ಇರತೈತಿ.” ಆರು ಸಲ ಫೋನು ಮಾಡಿದೆ, ಆರು ಸಲ ಬಂದರು. ನಿಮ್ಮ ಇಡೀ ವರದಿ ಆ ಆರು ಬಾಟಲಿಗಳ ಮೇಲೆ ನಿಂತಿದೆ. ಉಪಕಾರವೆಂದುಕೊಂಡು ನಾನು ಮಾಡಿದ ಕೆಲಸವದು.

ನನಗೆ ತಿಳಿಯಲಿಲ್ಲ, ಸರಿ. ಓದಿದ ನಿಮಗೆ? ತಲೆಗೆ ದಿನಕ್ಕೆ ನೂರ ಮೂವತ್ತೈದು ಲೀಟರು ನೀರು ಬಳಕೆಯಾಗುತ್ತದೆಂದು ಬರೆದಿದ್ದೀರಿ. ಆ ಪುಣ್ಯವಂತರು ನಮ್ಮ ಗದಗ-ಬೆಟಗೇರಿಯ ಯಾವ ಓಣಿಯಲ್ಲಿದ್ದಾರೆ? ವಿಳಾಸ ಕೊಟ್ಟರೆ ನನ್ನ ಹೆಂಡತಿ ಅಮೀನಬಿ ಎರಡು ಕೊಡ ತುಂಬಿಕೊಂಡು ಬರುತ್ತಾಳೆ. ಊರಿನ ಜನಸಂಖ್ಯೆ ಹಿಡಿದಿರಿ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದಿಂದ ಬಂದು ಇಲ್ಲಿಯ ಆಸ್ಪತ್ರೆಗಳಲ್ಲಿ ಮಲಗುವವರನ್ನು ಹಿಡಿದಿರಾ? ಹಿರೇವಡ್ಡಟ್ಟಿಯ ರೋಗಿಗೆ ಕೊಟ್ಟ ಆಂಟಿಬಯಾಟಿಕ್ ಹಿರೇವಡ್ಡಟ್ಟಿಗೆ ವಾಪಸು ಹೋಗುವುದಿಲ್ಲ ಸ್ವಾಮಿ, ನಮ್ಮ ಮೋರಿಗೇ ಇಳಿಯುತ್ತದೆ. ಔಷಧದ ಅಂಶ ನೀರಿನಲ್ಲಿ ಉಳಿದರೆ ರೋಗದ ಕ್ರಿಮಿಗಳು ಅದಕ್ಕೆ ಒಗ್ಗಿಕೊಳ್ಳಬಹುದೆಂದು ನಿಮ್ಮ ವರದಿಯ ಮೊದಲ ಪುಟವೇ ಹೇಳುತ್ತದೆ. ಕೊನೆಯ ಪುಟ, ಉಳಿದಿರುವುದು ಅತ್ಯಲ್ಪ, ಚಿಂತೆಗೆ ಕಾರಣವಿಲ್ಲ ಎನ್ನುತ್ತದೆ.

ಘಟಕದ ಕಾಲುವೆಗೆ ಹತ್ತಿಕೊಂಡು ಶೇಖವ್ವನ ಮುಕ್ಕಾಲು ಎಕರೆ ಇತ್ತು. ಬಾವಿಯಿಲ್ಲ, ಬೋರಿಲ್ಲ. ಆ ನೀರಿನಲ್ಲೇ ಮೆಂತೆ, ಕೊತ್ತಂಬರಿ, ರಾಜಗಿರಿ ಬೆಳೆಯುತ್ತಿದ್ದಳು. ನನ್ನನ್ನು ಅಣ್ಣ ಎಂದು ಕರೆದವಳು. ಪಂಚಮಿ ಬಂದರೆ ಉಂಡಿ ಕಟ್ಟಿಕೊಂಡು ಪಂಪುಮನೆಗೆ ಬರುತ್ತಿದ್ದಳು. ನಿಮ್ಮ ವರದಿ ಬಂದ ವಾರ ಕೇಳಿದಳು:

“ಅಣ್ಣಾ, ಬರಿಗಾಲಿಲೆ ನಿಂತು ನೀರು ಹಾಯಸ್ತೀನಿ. ಕಾಲಾಗಿನ ಗಾಯ ಒಣಗವಲ್ದು. ಈ ನೀರಾಗ ಏನರ ಐತೇನು? ಖರೆ ಹೇಳು.”

“ಏನೂ ಇಲ್ಲ ಬಿಡವಾ. ಸಾಹೇಬ್ರು ಕಂಪ್ಯೂಟರಿನ್ಯಾಗ ಲೆಕ್ಕಾ ಮಾಡ್ಯಾರ. ಕಾಗದ ಇಲ್ಲೇ ಐತಿ ನೋಡು.”

ಓದಲು ಬಾರದ ಶೇಖವ್ವ ನಿಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡಳು.

ಎಂಟು ತಿಂಗಳಿಗೆ ಗಾಯ ಮೊಣಕಾಲು ದಾಟಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಔಷಧಿ ಬದಲಿಸಿದರು, ಮತ್ತೆ ಬದಲಿಸಿದರು. ಯಾವುದೂ ನಾಟಲಿಲ್ಲ. “ಈ ಕ್ರಿಮಿ ಯಾವ ಔಷಧಕ್ಕೂ ಬಗ್ಗವಲ್ದ್ರಿ” ಎಂದರು ಡಾಕ್ಟರು. ಹದಿನೇಳನೆಯ ದಿನ ನನ್ನ ತಂಗಿ ಹೋದಳು. ಆ ನೀರೇ ಕೊಂದಿತೆಂದು ನಾನು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯೂ ಇತ್ತಂತೆ. ನನ್ನ ಬಳಿ ಪುರಾವೆಯಿಲ್ಲ. ಕೊಲ್ಲಲಿಲ್ಲ ಎನ್ನಲು ನಿಮ್ಮ ಬಳಿಯಾದರೂ ಏನಿದೆ? ಇದೇ ನನ್ನ ಸಂಕಟ. ಅವಳು ಖರೆ ಹೇಳು ಎಂದಳು. ನನಗೆ ಗೊತ್ತಿರಲಿಲ್ಲ, ಆದರೂ ಗೊತ್ತಿದ್ದವನಂತೆ ಹೇಳಿಬಿಟ್ಟೆ.

ಈಗ ಆ ಹೊಲ ಅವಳ ಮಗಳು ಸುನಿತಾಳ ಕೈಯಲ್ಲಿದೆ. ಮೊನ್ನೆ ನೆಲ ಹದಮಾಡಿ, ಮಡಿ ಕಟ್ಟಿ, ಕೊತ್ತಂಬರಿ ಬೀಜ ಒಡೆದು ಬಿತ್ತಿ, ನಮ್ಮ ಮನೆಗೆ ಬಂದಳು.

“ಮಾಮಾ, ನೀರು ಬಿಡ್ಲೋ ಬ್ಯಾಡೋ? ಅವ್ವಗ ಹೇಳಿದಂಗ ಹೇಳಬ್ಯಾಡ.”

ಇದಕ್ಕೆ ಉತ್ತರ ಕೊಡಬೇಕಾದವರು ನೀವು. ನಳ ಬಿಟ್ಟ ಒಂಬತ್ತನೆಯ ದಿನ ಬನ್ನಿ. ಆಸ್ಪತ್ರೆಗಳ ಮೋರಿಯಿಂದ, ತೊಟ್ಟಿಯಿಂದ, ಕಾಲುವೆಯಿಂದ ಬಾಟಲಿ ತುಂಬಿ; ಕಳಸಾಪುರದ ರೈತರು ಗೊಬ್ಬರವೆಂದು ಒಯ್ಯುವ ಕೆಸರನ್ನೂ ಬಿಡಬೇಡಿ. ನಿಮ್ಮ ಕಂಪ್ಯೂಟರಿಗೆ ನಿಜವಾದ ನೀರನ್ನು ತೋರಿಸಿ. ಬಂದ ಉತ್ತರವನ್ನು ಸುನಿತಾ ಓದುವಂಥ ಕನ್ನಡದಲ್ಲಿ ಬರೆದು ಕೊಡಿ. ಅಲ್ಲಿಯವರೆಗೆ, ನಮಗೆ ಗೊತ್ತಿಲ್ಲ ಎಂಬ ಒಂದು ಸಾಲಿಗಾದರೂ ಸಹಿ ಹಾಕಿ.

ಬಿತ್ತಿದ ಬೀಜ ನಿಮ್ಮ ಮೀಟಿಂಗು ಮುಗಿಯುವವರೆಗೆ ಕಾಯುವುದಿಲ್ಲ. ಬೇರೆ ನೀರಿಲ್ಲದ ಕಾರಣ ನಾಳೆ ಅವಳು ಕಾಲುವೆ ಒಡೆದು ಮಡಿಗಳಿಗೆ ಅದೇ ನೀರು ಬಿಡುತ್ತಾಳೆ. ಘಟಕದಲ್ಲಿ ನನಗೆ ಕೊಟ್ಟಿದ್ದ ರಬ್ಬರ್ ಬೂಟುಗಳನ್ನು ತೊಳೆದು ಅವಳಿಗೆ ಕೊಟ್ಟೆ. ಅವಳ ಕಾಲಿಗೆ ಬಹಳ ದೊಡ್ಡವು, ಚಿಂದಿ ತುರುಕಿಕೊಂಡು ಹಾಕಿಕೊಂಡಳು. ಹತ್ತೊಂಬತ್ತು ವರ್ಷ ಅಂಥ ಬೂಟುಗಳನ್ನು ತೊಟ್ಟು ನಾನು ಬರಿಗಾಲಿನ ಶೇಖವ್ವನ ಎದುರಿಗೇ ನಿಂತು ಮಾತಾಡಿದ್ದೇನೆ.

ಇಂತಿ,
ನಿಮ್ಮನ್ನು ನಂಬಿ, ಇನ್ನೊಬ್ಬಳನ್ನೂ ನಂಬಿಸಿದ
ಮರ್ದಾನಸಾಬ
ನಿವೃತ್ತ ಪಂಪು ಚಾಲಕ, ಬೆಟಗೇರಿ